ಎಂಟನೆಯ ತರಗತಿಯ ಚೀಲ: ತೂಗಿ ಕೊಂಡದ್ದು, ತೂಗಿ ತುಂಬಿದ್ದು

2024ರ ಜೂನ್‌ನಲ್ಲಿ ನನ್ನ ಮಗಳು ಊರಿನ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ ಶಿರಸಿಯ ಪ್ರೌಢಶಾಲೆಗೆ ಸೇರಿದಳು. ಅಲ್ಲಿಯವರೆಗೆ ಶಾಲೆ ಮನೆಯಿಂದ ಕೂಗಳತೆಯಲ್ಲಿತ್ತು. ಪುಸ್ತಕ ಮರೆತರೆ ಬಿಡುವಿನಲ್ಲಿ ಓಡಿಬಂದು ಒಯ್ಯುತ್ತಿದ್ದಳು. ಈಗ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿ, ಅನಂತರ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಅದೂ ಹೆಚ್ಚಿನ ದಿನ ನಿಂತೇ, ಇಳಿದ ಮೇಲೆ ಮತ್ತೆ ಹತ್ತು ನಿಮಿಷದ ನಡಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೆಲ್ಲವೂ ಘಟ್ಟದ ಮಳೆಯಲ್ಲಿ ನಡೆಯಬೇಕು. ಹೀಗಿದ್ದರೂ ಚೀಲ ಕೊಳ್ಳುವಾಗ ನಾವು ಈ ದಾರಿಯನ್ನು ನೆನಪಿಗೆ ತಂದುಕೊಳ್ಳದೆ, ಎಂಟು, ಒಂಬತ್ತು, ಹತ್ತು ಮೂರೂ ವರ್ಷ ಒಂದೇ ಚೀಲದಲ್ಲಿ ಕಳೆಯಲೆಂದು ಅಂಗಡಿಯಲ್ಲಿದ್ದವುಗಳಲ್ಲೇ ದೊಡ್ಡದನ್ನು ತಂದೆವು. ಅದು 40 ಲೀಟರ್ ಅಳತೆಯ, ಐದು ಖಾನೆಗಳ ಚೀಲ. ಅವಳು ಹಾಕಿಕೊಂಡರೆ ಹಿಂದಿನಿಂದ ಚೀಲ ಮತ್ತು ಎರಡು ಕಾಲುಗಳು ಮಾತ್ರ ಕಾಣುತ್ತಿದ್ದವು.

ಎರಡನೆಯ ವಾರ ಒಂದು ಸಂಜೆ ಅವಳು ಜಗಲಿಯಲ್ಲಿ ಚೀಲ ಇಳಿಸಿ, "ಹೆಗಲು ನೋಯ್ತು ಆಯಿ" ಎಂದಳು. ಅಂಗಿ ಸರಿಸಿ ನೋಡಿದರೆ ಎರಡೂ ಹೆಗಲಿನಲ್ಲಿ ಪಟ್ಟಿ ಒತ್ತಿದ ಕೆಂಪು ಗುರುತು ಎದ್ದಿತ್ತು. ಕಾಳುಮೆಣಸು ತೂಗಲು ಇಟ್ಟುಕೊಂಡಿರುವ ಕೊಕ್ಕೆಯ ತಕ್ಕಡಿಗೆ ಚೀಲವನ್ನು ನೇತುಹಾಕಿದೆ. ನೀರಿನ ಬಾಟಲಿಯನ್ನು ಬೆಳಿಗ್ಗೆ ಇದ್ದಂತೆ ತುಂಬಿಸಿಟ್ಟು ನೋಡಿದಾಗ 6 ಕಿಲೋ 850 ಗ್ರಾಂ ಬಂತು. ಆಗ ಅವಳ ತೂಕ 39 ಕಿಲೋ.

ಮಗು ಹೊರುವ ಚೀಲ ಅದರ ದೇಹದ ತೂಕದ ಶೇ. 10ನ್ನು ಮೀರಬಾರದೆಂದು ಕೇಂದ್ರದ 2020ರ ಶಾಲಾ ಚೀಲ ನೀತಿ ಹೇಳುತ್ತದೆ. ಅದಕ್ಕಿಂತ ಮೊದಲೇ, 2019ರಲ್ಲಿ, ನಮ್ಮ ರಾಜ್ಯ ಸರ್ಕಾರ ಆರರಿಂದ ಎಂಟನೆಯ ತರಗತಿಗೆ 3ರಿಂದ 4 ಕಿಲೋ, ಒಂಬತ್ತು ಮತ್ತು ಹತ್ತಕ್ಕೆ 4ರಿಂದ 5 ಕಿಲೋ ಎಂದು ಮಿತಿ ಹಾಕಿ ಆದೇಶ ಹೊರಡಿಸಿದೆ. ಎರಡರಲ್ಲಿ ಯಾವ ಲೆಕ್ಕ ಹಿಡಿದರೂ ನನ್ನ ಮಗಳು ಹೊರಬೇಕಾದುದಕ್ಕಿಂತ ಸುಮಾರು ಮೂರು ಕಿಲೋ ಹೆಚ್ಚು ಹೊರುತ್ತಿದ್ದಳು. ಚೀಲವನ್ನು ಪೂರ್ತಿ ಬರಿದುಮಾಡಿ ಒಂದೊಂದನ್ನೇ ತೂಗಿದೆ. ಖಾಲಿ ಚೀಲವೇ 900 ಗ್ರಾಂ ಇತ್ತು. ಒಂದು ಲೀಟರಿನ ಸ್ಟೀಲ್ ಬಾಟಲಿ ನೀರಿನೊಂದಿಗೆ 1 ಕಿಲೋ 350. ಆರು ಪಠ್ಯಪುಸ್ತಕಗಳು 1 ಕಿಲೋ 700. ಇನ್ನೂರು ಪುಟಗಳ ಆರು ಲಾಂಗ್ ನೋಟ್‌ಬುಕ್ಕುಗಳು 2 ಕಿಲೋ 350. ಉಳಿದದ್ದು ಕಂಪಾಸ್ ಪೆಟ್ಟಿಗೆ ಮತ್ತು ಕೊಡೆ. ಪಠ್ಯಪುಸ್ತಕಕ್ಕಿಂತ ನೋಟ್‌ಬುಕ್ಕಿನ ಹೊರೆ ಹೆಚ್ಚೆಂಬುದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಆ ಇನ್ನೂರು ಪುಟಗಳಲ್ಲಿ ನೂರೆಂಬತ್ತು ಖಾಲಿಯೇ ಇರುತ್ತವೆ. ಮಕ್ಕಳು ಬರೆಯದ ಹಾಳೆಗಳನ್ನು ತಿಂಗಳುಗಟ್ಟಲೆ ಹೊರುತ್ತಾರೆ.

ಚೀಲ ಬದಲಿಸುವ ನಿರ್ಧಾರವನ್ನು ಆಗಲೇ ಮಾಡಬೇಕಿತ್ತು. ಹಣ ಕೊಟ್ಟದ್ದಾಗಿದೆಯಲ್ಲ ಎಂದು ಆಗಸ್ಟ್‌ವರೆಗೆ ತಡೆದೆ. ಒಂದು ದಿನ ಬಸ್ಸಿನಿಂದ ಇಳಿಯುವಾಗ ಎಡಗಡೆಯ ಪಟ್ಟಿ ಬುಡದಿಂದಲೇ ಕಿತ್ತು, ಚೀಲ ನಿಲ್ದಾಣದ ಕೆಸರಿಗೆ ಬಿತ್ತು. ನಾನು ಮನೆಯಲ್ಲಿ ಹೊಲಿಗೆ ಮಾಡುವವಳಾದ್ದರಿಂದ ಆ ಹರಿದ ಜಾಗವನ್ನು ಬಿಚ್ಚಿ ನೋಡಿದೆ. ಪಟ್ಟಿಯ ತುದಿಯನ್ನು ಅರ್ಧ ಇಂಚಿನಷ್ಟು ಮಾತ್ರ ಒಳಗೆ ಸೇರಿಸಿ, ಉದ್ದುದ್ದನೆಯ ಒಂದೇ ಸಾಲು ಹೊಲಿಗೆ ಹಾಕಿದ್ದರು. ಬಟ್ಟೆಯ ಅಂಚನ್ನು ಮಡಿಸಿರಲಿಲ್ಲ, ಅಂಚನ್ನು ಮುಚ್ಚಿ ಹೊಲಿಯುವ ಬಟ್ಟೆಯ ಪಟ್ಟಿ, ಅಂದರೆ ಪೈಪಿಂಗ್ ಕೊಟ್ಟಿರಲಿಲ್ಲ, ಎಳೆಗಳು ಬಿಟ್ಟುಕೊಂಡು ಹೊಲಿಗೆ ಜಾರಿಹೋಗಿತ್ತು. ಹೊರಗಿನಿಂದ ನೋಡಿದರೆ ಬಹಳ ಗಟ್ಟಿಮುಟ್ಟಾಗಿ ಕಾಣುತ್ತಿದ್ದ ಚೀಲ ಅದು.

ಎರಡನೆಯ ಸಲ ಅಂಗಡಿಗೆ ಹೋಗುವಾಗ ತಕ್ಕಡಿ, ಟೇಪು ಮತ್ತು ಅವಳ ಒಂದು ದಿನದ ಪುಸ್ತಕಗಳನ್ನು ಜೊತೆಗೆ ಒಯ್ದೆ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನವರೆಗೆ ಮಗಳ ಬೆನ್ನನ್ನು ಅಳೆದಿದ್ದೆ. 41 ಸೆಂಟಿಮೀಟರು ಇತ್ತು. ಚೀಲದ ಎತ್ತರ ಅದಕ್ಕಿಂತ ಮೂರು ನಾಲ್ಕು ಸೆಂಟಿಮೀಟರು ಹೆಚ್ಚಾದರೆ ಅಡ್ಡಿಯಿಲ್ಲ, ಅದಕ್ಕೂ ಉದ್ದವಾದರೆ ನಡೆಯುವಾಗ ಸೊಂಟದ ಕೆಳಗೆ ಬಡಿಯುತ್ತದೆ. ಮೂರು ಅಂಗಡಿಗಳಲ್ಲಿ ಒಟ್ಟು ಹನ್ನೊಂದು ಚೀಲಗಳನ್ನು ತೂಗಿ, ಒಳಗನ್ನು ಹೊರಮಗ್ಗುಲಾಗಿ ಮಗುಚಿ, ಪಟ್ಟಿಯ ಬುಡ ಮತ್ತು ಮೇಲಿನ ಹಿಡಿಕೆಯ ಬುಡ ನೋಡಿದೆ. ಅಲ್ಲಿ ಚೌಕದೊಳಗೆ ಗುಣಾಕಾರ ಚಿಹ್ನೆಯಂತೆ ಅಡ್ಡಡ್ಡ ಹೊಲಿದಿರಬೇಕು ಅಥವಾ ಒತ್ತೊತ್ತಾಗಿ ಹಿಂದೆಮುಂದೆ ಓಡಿಸಿದ ಹೊಲಿಗೆ ಇರಬೇಕು. ಒಳಗಿನ ಅಂಚುಗಳಿಗೆಲ್ಲ ಪೈಪಿಂಗ್ ಇರಬೇಕು. ಇಲ್ಲದಿದ್ದರೆ ಬಿಟ್ಟ ಎಳೆ ಜಿಪ್ಪಿಗೆ ಸಿಕ್ಕಿ ರನ್ನರ್ ಕೆಡುತ್ತದೆ. ಪಟ್ಟಿ ನಾಲ್ಕು ಬೆರಳಿನಷ್ಟು ಅಗಲವಿದ್ದು, ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಅದರ ಸ್ಪಂಜು ತಕ್ಷಣ ಮೇಲೇಳಬೇಕು. ಕೊನೆಗೆ ಆರಿಸಿದ್ದು 25 ಲೀಟರಿನ, ಎರಡೇ ದೊಡ್ಡ ಖಾನೆಗಳ, 480 ಗ್ರಾಂ ತೂಕದ ಕಡುನೀಲಿ ಚೀಲ. ಬೆಲೆ 850 ರೂಪಾಯಿ. ಮಗಳಿಗೆ ಇನ್ನೊಂದರ ಮೇಲೆ ಮನಸ್ಸಿತ್ತು. ಎರಡಕ್ಕೂ ಅವವೇ ಪುಸ್ತಕಗಳನ್ನು ತುಂಬಿ, ಅಂಗಡಿಯ ಮೆಟ್ಟಿಲನ್ನು ನಾಲ್ಕು ಸಲ ಹತ್ತಿಳಿಯುವಂತೆ ಹೇಳಿದೆ. ಅನಂತರ ಅವಳೇ ನೀಲಿ ಚೀಲವನ್ನು ಎತ್ತಿಕೊಂಡಳು.

ನೀರು ತಡೆಯುತ್ತದೆಂಬ ಮಾತನ್ನು ನಾನು ನಂಬಲಿಲ್ಲ. ಬಟ್ಟೆ ತಡೆದರೂ ಜಿಪ್ಪು ಮತ್ತು ಹೊಲಿಗೆಯ ತೂತುಗಳಿಂದ ನೀರು ಇಳಿಯುತ್ತದೆ. ಮೇಲುಹೊದಿಕೆಯನ್ನು ಕೊಂಡರೂ ಬೆನ್ನಿನ ಕಡೆಯಿಂದ ಜಾರುವ ನೀರಿಗೆ ಅದು ಉಪಾಯವಲ್ಲ. ಆದ್ದರಿಂದ ಕಡ್ಡಿ ಮುರಿದ ಎರಡು ಹಳೆಯ ಕೊಡೆಗಳ ಬಟ್ಟೆಯನ್ನು ಬಿಚ್ಚಿ, ಚೀಲದ ದೊಡ್ಡ ಖಾನೆಯೊಳಗೆ ಸರಿಯಾಗಿ ಕೂರುವಂತೆ ಒಂದು ಒಳಚೀಲ ಹೊಲಿದೆ. ಹೊಲಿಗೆಯ ಸಾಲಿನ ಮೇಲೆ ಎರಡೂ ಕಡೆಯಿಂದ ಮೇಣದ ಬತ್ತಿಯನ್ನು ಗಟ್ಟಿಯಾಗಿ ಉಜ್ಜಿದ್ದರಿಂದ ಸೂಜಿಯ ತೂತುಗಳು ಮುಚ್ಚಿದವು. ಬಾಯಿಯನ್ನು ಎರಡು ಮಡಿಕೆ ಸುತ್ತಿ ಮಡಚಿದರೆ ಸಾಕು, ದಾರ ಬೇಕಿಲ್ಲ. ಮಳೆಗಾಲಕ್ಕೆ ಎರಡು ಸಲ ಮೇಣ ಉಜ್ಜಬೇಕಾಗುತ್ತದೆ. ಇದುವರೆಗೆ ಒಂದು ನೋಟ್‌ಬುಕ್ಕಿನ ಶಾಯಿಯೂ ಕದಡಿಲ್ಲ.

ತೂಕ ಇಳಿದದ್ದು ಚೀಲದಿಂದ ಮಾತ್ರವಲ್ಲ. ಪಾಲಕರ ಸಭೆಯಲ್ಲಿ ತರಗತಿ ಶಿಕ್ಷಕಿಯವರೆದುರು ತೂಕದ ಪಟ್ಟಿಯನ್ನಿಟ್ಟು, ಇನ್ನೂರು ಪುಟದ ಬದಲು ನೂರು ಪುಟದ ನೋಟ್‌ಬುಕ್ ತಂದು, ಮುಗಿದ ಮೇಲೆ ಎರಡನೆಯದನ್ನು ಆರಂಭಿಸಲು ಅವಕಾಶ ಕೇಳಿದೆ. ಅವರು ಆ ಪಟ್ಟಿಯನ್ನು ಓದಿ, ಇಡೀ ತರಗತಿಗೆ ಒಪ್ಪಿಗೆ ಕೊಟ್ಟರು. ಗಣಿತ, ವಿಜ್ಞಾನದ ಪಠ್ಯಪುಸ್ತಕಗಳು ಭಾಗ 1, ಭಾಗ 2 ಎಂದು ಬೇರೆಯಾಗಿಯೇ ಬರುವುದರಿಂದ ನಡೆಯುತ್ತಿರುವ ಭಾಗವನ್ನಷ್ಟೇ ಒಯ್ದರಾಯಿತು. ಪಕ್ಕದಲ್ಲಿ ಕೂರುವ ಗೆಳತಿಯೊಂದಿಗೆ ಮಾತಾಡಿಕೊಂಡು, ಹಿಂದಿಯ ಪಠ್ಯವನ್ನು ಅವಳು, ಇಂಗ್ಲಿಷಿನದನ್ನು ಇವಳು ತರುತ್ತಾರೆ. ಮಧ್ಯಾಹ್ನ ಅಕ್ಷರ ದಾಸೋಹದ ಬಿಸಿಯೂಟವಿರುವುದರಿಂದ ಬುತ್ತಿಯ ಭಾರವಿಲ್ಲ. ಶಾಲೆಯಲ್ಲಿ ಶುದ್ಧ ನೀರಿನ ಯಂತ್ರವೂ ಇದೆ, ಹಾಗಾಗಿ ಅರ್ಧ ಲೀಟರಿನ ಬಾಟಲಿ ಸಾಕಾಯಿತು. ಆದರೆ ನೀರು ಕಡಿಮೆ ಕುಡಿದು ತೂಕ ಉಳಿಸಬಾರದೆಂದು, ಅಲ್ಲಿ ಎರಡು ಸಲ ತುಂಬಿಸಿಕೊಳ್ಳುವಂತೆ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ತುಂಬುವ ಕೆಲಸ ರಾತ್ರಿ ಊಟವಾದ ಮೇಲೆ, ಕಪಾಟಿನ ಬಾಗಿಲಿಗೆ ಅಂಟಿಸಿದ ವೇಳಾಪಟ್ಟಿ ನೋಡಿಕೊಂಡು ಅವಳೇ ಮಾಡುತ್ತಾಳೆ. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ತುಂಬಿದರೆ ಎಲ್ಲವೂ ಒಳಗೆ ಬೀಳುತ್ತವೆ. ದಪ್ಪ ಮತ್ತು ಭಾರದ ಪುಸ್ತಕಗಳು ಬೆನ್ನಿಗೆ ಅಂಟಿ ನೆಟ್ಟಗೆ ನಿಲ್ಲಬೇಕು, ಹಗುರವಾದವು ಹೊರಗಡೆಗೆ. ಭಾರ ಬೆನ್ನಿನಿಂದ ದೂರವಾದಷ್ಟೂ ಚೀಲ ಹಿಂದಕ್ಕೆ ಎಳೆಯುತ್ತದೆ, ಅದನ್ನು ಸರಿದೂಗಿಸಲು ಮಗು ಮುಂದಕ್ಕೆ ಬಾಗುತ್ತದೆ. ಬಾಟಲಿ ಒಂದು ಪಕ್ಕದಲ್ಲಿ, ಕೊಡೆ ಇನ್ನೊಂದು ಪಕ್ಕದಲ್ಲಿ. ಒದ್ದೆ ಕೊಡೆ ಚೀಲದೊಳಗೆ ಎಂದೂ ಹೋಗಕೂಡದು. ಬಸ್ಸಿನಲ್ಲಿ ತೋರಿಸಬೇಕಾದ ಆಧಾರ್ ಕಾರ್ಡ್ ಒಳಗಿನ ಚಿಕ್ಕ ಜೇಬಿನಲ್ಲಿ. ಬಟ್ಟೆಯ ಸಣ್ಣ ಸಂಚಿಯೊಂದರಲ್ಲಿ ಎರಡು ಪ್ಯಾಡು, ಒಂದು ಒಳಉಡುಪು, ಒಂದು ಕಾಗದದ ಪೊಟ್ಟಣ ಯಾವಾಗಲೂ ಇರುತ್ತವೆ. ಪ್ರೌಢಶಾಲೆಗೆ ಹೋಗುವ ಹೆಣ್ಣುಮಗುವಿನ ಚೀಲದಲ್ಲಿ ಇದಕ್ಕೆ ಜಾಗವಿಟ್ಟೇ ಉಳಿದದ್ದನ್ನು ಯೋಚಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಹೀಗೆ ತುಂಬಿದ ಮೊದಲ ದಿನ ತಕ್ಕಡಿ 3 ಕಿಲೋ 780 ಗ್ರಾಂ ತೋರಿಸಿತು.

ಭಾನುವಾರ ಚೀಲವನ್ನು ಕೊಡವಿ, ಒಳಚೀಲವನ್ನು ಮಗುಚಿ ಒಣಗಿಸುತ್ತೇವೆ. ಈ ಜೂನ್‌ನಲ್ಲಿ ಅವಳು ಒಂಬತ್ತನೆಯ ತರಗತಿಗೆ ಕಾಲಿಟ್ಟಳು. ಅದೇ ಚೀಲ, ಪಟ್ಟಿಯನ್ನು ಎರಡು ಬೆರಳಿನಷ್ಟು ಸಡಿಲಿಸಿದ್ದೇನೆ. ಶಾಲೆ ಆರಂಭವಾಗುವ ಮುನ್ನ ಅವಳ ತೂಕ ನೋಡಿದಾಗ 42 ಕಿಲೋ ಇತ್ತು. ಹಾಗಾದರೆ ಇನ್ನು ಮುನ್ನೂರು ಗ್ರಾಂ ಹೆಚ್ಚು ಒಯ್ಯಬಹುದಲ್ಲವೇ ಎಂದು ತಾನೇ ಲೆಕ್ಕ ಹಾಕಿ ಕೇಳಿದಳು. ಆಗಲಿ ಎಂದೆ. ವಾರಕ್ಕೊಂದು ಗ್ರಂಥಾಲಯದ ಪುಸ್ತಕ ಈಗ ಆ ಜಾಗದಲ್ಲಿ ಬಸ್ಸು ಹತ್ತಿ ಬರುತ್ತಿದೆ.