ಊರು ಬಿಟ್ಟಾಗಲೂ ನಮ್ಮದೇ ಫಿಲ್ಟರ್ ಕಾಫಿ

ಪ್ರಯಾಣದಲ್ಲಿ ಒಳ್ಳೆ ಕಾಫಿ ಮಾಡಿಕೊಳ್ಳಲು ನಿಜವಾದ ತಲೆನೋವು ಡಿಕಾಕ್ಷನ್ ಅಲ್ಲ, ಹಾಲು. ಡಿಕಾಕ್ಷನ್ನಿಗೆ ಇಬ್ಬರಿಗಾಗುವಷ್ಟು ದೊಡ್ಡ ಸ್ಟೀಲ್ ಫಿಲ್ಟರ್ ಸಾಕು. ಅದರ ಹೊಟ್ಟೆಯೊಳಗೇ ಪುಡಿಯ ಪೊಟ್ಟಣ ತುರುಕಿದರೆ ಬ್ಯಾಗಿನಲ್ಲಿ ಜಾಗವೂ ಉಳಿಯುತ್ತದೆ. ಜೊತೆಗೆ ಅರ್ಧ ಲೀಟರಿನ ಕರೆಂಟಿನ ಕೆಟಲ್, ಒಂದು ಲೋಟ, ಒಂದು ಬಟ್ಟಲು. ನನ್ನ ಸಾಮಾನು ಇಷ್ಟೇ.

ಪುಡಿ 80:20, ಅಂದರೆ ಐದರಲ್ಲಿ ಒಂದು ಪಾಲು ಚಿಕೋರಿ. ಚಿಕೋರಿ ಮುಟ್ಟದವರ ಜೊತೆ ಜಗಳಕ್ಕೆ ನಾನಿಲ್ಲ. ಆದರೆ ಹೊರಗಡೆ ಸಿಗುವ ತೆಳು ಹಾಲಿಗೆ ಚಿಕೋರಿ ಇದ್ದರೇ ಬಣ್ಣ, ಗಟ್ಟಿತನ ಬರುವುದು. ತುಂಬಿದ ಮೂರು ಚಮಚ ಪುಡಿ ಹಾಕಿ, ತಟ್ಟೆಯಿಂದ ಹಗುರವಾಗಿ ಅದುಮುತ್ತೇನೆ. ಮೊದಲು ಪುಡಿ ನೆನೆಯುವಷ್ಟು ಮಾತ್ರ ಬಿಸಿನೀರು. ಅರ್ಧ ನಿಮಿಷ ಬಿಟ್ಟು ಉಳಿದದ್ದು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ.

ಏರೋಪ್ರೆಸ್ಸನ್ನೂ ಬಳಸಿದ್ದೇನೆ. ಪುಡಿ, ಬಿಸಿನೀರು ಹಾಕಿ, ತಳದ ಕಾಗದದ ಫಿಲ್ಟರಿನ ಮೂಲಕ ಕೈಯಿಂದ ಒತ್ತಿ ಕಾಫಿ ಇಳಿಸುವ ಈ ಪ್ಲಾಸ್ಟಿಕ್ ಕೊಳವೆಯನ್ನು ರೂಪಿಸಿದ್ದು ಅಮೆರಿಕದ ಅಲನ್ ಆಡ್ಲರ್, ಮಾರುಕಟ್ಟೆಗೆ ಬಂದದ್ದು 2005ರಲ್ಲಿ. ಹಗುರ, ಒಡೆಯಲ್ಲ, ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಬ್ಲ್ಯಾಕ್ ಕಾಫಿ ಕುಡಿಯುವವರಿಗೆ ಅದೇ ಸರಿ. ಆದರೆ ನಮ್ಮ ಫಿಲ್ಟರ್ ಪುಡಿ ನುಣುಪಾಗಿದ್ದರೆ ಕಾಗದ ಕಟ್ಟಿಕೊಂಡು, ಒತ್ತಿ ಒತ್ತಿ ಕೈ ನೋಯುತ್ತದೆ. ಅದಕ್ಕೆ ಸ್ವಲ್ಪ ತರಿಯಾಗಿ ಬೀಸಿಸಿದ ಪುಡಿ ಬೇಕು.

ಎತ್ತರದ ಊರುಗಳ ಕಥೆ ಬೇರೆ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕೊತಕೊತ ಅನ್ನುತ್ತಿದ್ದರೂ ಮನೆಯಲ್ಲಿ ಕುದ್ದ ನೀರಿನಷ್ಟು ಬಿಸಿ ಇರಲ್ಲ. ತಣ್ಣಗಿನ ಸ್ಟೀಲಿಗೆ ಸುರಿದರೆ ಇನ್ನೂ ಇಳಿಯುತ್ತದೆ, ಡಿಕಾಕ್ಷನ್ ನೀರುನೀರು. ಫಿಲ್ಟರನ್ನು ಮೊದಲು ಬಿಸಿನೀರಲ್ಲಿ ತೊಳೆದು, ಒಂದು ಚಮಚ ಪುಡಿ ಜಾಸ್ತಿ ಹಾಕಿ, ಮೇಲೆ ಟವೆಲ್ ಸುತ್ತಿಟ್ಟರೆ ಪರವಾಗಿಲ್ಲ ಅನ್ನುವ ಹದಕ್ಕೆ ಬರುತ್ತದೆ.

ರೈಲಿನಲ್ಲಿ ಫಿಲ್ಟರ್ ತೆಗೆಯುವುದೇ ಇಲ್ಲ. ಮೊಬೈಲ್ ಚಾರ್ಜಿನ ಪ್ಲಗ್ಗಿಗೆ ಕೆಟಲ್ ಹಾಕುವುದು ನಿಯಮಕ್ಕೆ ವಿರುದ್ಧ, ಅಪಾಯ ಕೂಡ. ಮನೆಯಿಂದಲೇ ಗಟ್ಟಿ ಡಿಕಾಕ್ಷನ್ ಚಿಕ್ಕ ಬಾಟಲಿಯಲ್ಲಿ, ಬಿಸಿ ಹಾಲು ಫ್ಲಾಸ್ಕಿನಲ್ಲಿ. ಸಂಜೆಯೊಳಗೆ ಮುಗಿಸಬೇಕು. ಮರುದಿನಕ್ಕೆ ಡಿಕಾಕ್ಷನ್ನಿನ ಘಮ ಹೋಗಿರುತ್ತದೆ, ಹಾಲು ಒಡೆದಿರುತ್ತದೆ.

ಈಗ ಹಾಲಿಗೆ ಬರೋಣ. ಮಾಮೂಲಿ ಕೆಟಲಿನಲ್ಲಿ ಹಾಲು ಕಾಯಿಸಬೇಡಿ. ತಳ ಹಿಡಿಯುತ್ತದೆ, ಸ್ವಿಚ್ ತಾನೇ ಆಫ್ ಆಗುವ ಮೊದಲೇ ಉಕ್ಕುತ್ತದೆ. ಆಮೇಲೆ ವಾರವಿಡೀ ನೀರಿಗೂ ಸೀದ ವಾಸನೆ. ನಾನು ಒಯ್ಯುವುದು ಟೆಟ್ರಾ ಪ್ಯಾಕಿನ ಹಾಲು, ಸಿಕ್ಕರೆ ನಂದಿನಿ ಗುಡ್‌ಲೈಫ್. ಪ್ಯಾಕ್ ತೆರೆಯುವ ತನಕ ಫ್ರಿಜ್ ಬೇಡ, ಕುದಿಸುವುದೂ ಬೇಡ, ಬಿಸಿಯಾದರೆ ಸಾಕು. ಬಟ್ಟಲಿಗೆ ಕುದಿಯುವ ನೀರು ಸುರಿದು, ಹಾಲಿನ ಲೋಟವನ್ನು ಅದರೊಳಗೆ ಇಡುತ್ತೇನೆ. ನೀರು ತಣಿದ ಹಾಗೆ ಇನ್ನೊಂದು ಸಲ ಬದಲಿಸುತ್ತೇನೆ. ಹೀಗೆ ಮಾಡಿದರೂ ಹಾಲು ಸುಡುಸುಡು ಆಗಲ್ಲ. ಅದಕ್ಕೇ ಹಾಲು ಬಿಸಿಯಾದ ಮೇಲೆ ಡಿಕಾಕ್ಷನ್ ಇಳಿಯಬೇಕೇ ಹೊರತು ಮೊದಲೇ ಇಳಿದು ಆರಬಾರದು. ಸ್ನಾನದ ಲೆಕ್ಕಾಚಾರ ಆ ಪ್ರಕಾರ ಮಾಡಿಕೊಳ್ಳಿ!

ಪ್ಯಾಕ್ ಸಿಗದ ಕಡೆ ಹಾಲಿನ ಪುಡಿ. ಬಿಸಿನೀರಿಗೆ ನೇರ ಉದುರಿಸಿದರೆ ಗಂಟು ಕಟ್ಟುತ್ತದೆ. ಎರಡು ಚಮಚ ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ಆಮೇಲೆ ಬಿಸಿನೀರು ಸೇರಿಸಬೇಕು. ಅಂಗಡಿಯವರು ಹಾಲಿನ ಪುಡಿ ಅಂತ ಡೈರಿ ವೈಟ್ನರ್ ಕೊಡುವುದುಂಟು. ಅದರಲ್ಲಿ ಸಾಮಾನ್ಯವಾಗಿ ಸಕ್ಕರೆ ಸೇರಿರುತ್ತದೆ, ಪ್ಯಾಕೆಟ್ ಓದಿ ಸಕ್ಕರೆ ಹಾಕಿ. ಲೋಟದಿಂದ ಬಟ್ಟಲಿಗೆ ಒಂದೆರಡು ಸಲ ಎತ್ತಿ ಹೊಯ್ದರೆ ಪುಡಿ ಹಾಲಿಗೂ ನೊರೆ ಬರುತ್ತದೆ. ಜಾಸ್ತಿ ಸಲ ಬೇಡ, ಆರಿಹೋಗುತ್ತದೆ.

ಚರಟವನ್ನು ಹೋಟೆಲಿನ ಬೇಸಿನ್ನಿಗೆ ಚೆಲ್ಲಬೇಡಿ, ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ. ಫಿಲ್ಟರಿನ ತೂತು ಕಟ್ಟಿಕೊಂಡು ಡಿಕಾಕ್ಷನ್ ಇಳಿಯದಿದ್ದರೆ ಸದ್ಯಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಮನೆಗೆ ಬಂದ ಮೇಲೆ ತೂತಿನ ಭಾಗವನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ತೋರಿಸಿದರೆ ಸಿಕ್ಕಿಕೊಂಡ ಪುಡಿ ಸುಟ್ಟು ಉದುರುತ್ತದೆ.