ಬೀದರ್‌ನ ಹಳೇ ಊರನ್ನು ಗೈಡ್ ಜೊತೆ ನಡೆದು ನೋಡುವುದು ಹೇಗೆ?

ಬೀದರ್‌ಗೆ ಬರುವವರಲ್ಲಿ ಹೆಚ್ಚಿನವರು ಕಾರನ್ನು ನೇರ ಕೋಟೆ ಬಾಗಿಲಿಗೆ ಓಡಿಸುತ್ತಾರೆ. ದಾರಿಯಲ್ಲಿ ದುಂಡನೆಯ ಗೋಪುರವೊಂದು ಬರುತ್ತದೆ, ನೀಲಿ ಹೆಂಚಿನ ಮಿನಾರ್ ಬರುತ್ತದೆ. ಎರಡೂ ಕಾರಿನ ಕಿಟಕಿಯಲ್ಲೇ ಹಿಂದೆ ಸರಿದು ಹೋಗುತ್ತವೆ. ಚೌಬಾರಾ ಎನ್ನುವ ಆ ದುಂಡು ಗೋಪುರದಿಂದ ಕೋಟೆಯವರೆಗಿನ ರಸ್ತೆ ಹೆಚ್ಚು ಕಡಿಮೆ ಒಂದು ಕಿಲೋಮೀಟರ್ ಇರಬಹುದು, ಅಷ್ಟೆ. ಆದರೆ ಅದರಲ್ಲಿ ಆರು ಶತಮಾನ ಇದೆ. ಕೋಟೆಗಿಂತ ಮೊದಲು ಈ ರಸ್ತೆಯನ್ನು ನಡೆಯಿರಿ. ಒಬ್ಬರೇ ಬೇಡ, ದಾರಿ ಗೊತ್ತಿರುವ ಊರವರ ಜೊತೆ ನಡೆಯಿರಿ.

ಇದನ್ನು ನಾನು ತಪ್ಪು ಮಾಡಿಯೇ ಕಲಿತದ್ದು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಿಂದ ಬಂದ ನೆಂಟರನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ ಹನ್ನೆರಡಕ್ಕೆ ಕರೆದುಕೊಂಡು ಹೋಗಿದ್ದೆ. ಕಲ್ಲಿನ ನೆಲ ಕಾದು, ಚಪ್ಪಲಿ ಬಿಟ್ಟ ಮಕ್ಕಳು ಕುಣಿದುಬಿಟ್ಟರು. ಅಲ್ಲೇ ಸಿಕ್ಕ ಒಬ್ಬರನ್ನು ಗೈಡ್ ಮಾಡಿಕೊಂಡೆವು. ಅವರು ಇಲ್ಲಿಂದ ಗೋಲ್ಕೊಂಡದವರೆಗೆ ಕುದುರೆ ಓಡುವಷ್ಟು ದೊಡ್ಡ ಸುರಂಗ ಇದೆ ಎಂದು ಹೇಳಿದರು. ಒಂದು ಗಂಟೆಯಲ್ಲಿ ಎಲ್ಲ ಮುಗಿಸಿದರು. ನೆಂಟರು ವಾಪಸ್ ಹೋಗುವಾಗ ಅವರ ನೆನಪಲ್ಲಿ ಉಳಿದದ್ದು ಬಿಸಿಲು ಮತ್ತು ಆ ಸುರಂಗ. ನನಗೆ ತುಂಬ ಬೇಜಾರಾಯಿತು. ಆಮೇಲೆ ಎಷ್ಟೋ ಸಲ ಸರಿಯಾಗಿ ನಡೆದಿದ್ದೇನೆ. ಆ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಯಾವಾಗ ಹೋಗಬೇಕು?

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೀದರ್ ಎತ್ತರದ ಜಾಗದಲ್ಲಿದೆ, ಹಾಗಾಗಿ ಆಗ ಬೆಳಗಿನ ಚಳಿ ಚೆನ್ನಾಗಿಯೇ ಇರುತ್ತದೆ. ಒಂದು ಸ್ವೆಟರ್ ಇರಲಿ. ಬೇಸಿಗೆಯಲ್ಲೇ ಬರಬೇಕಾದರೆ ಏಳು ಗಂಟೆಗೆ ಶುರು ಮಾಡಿ ಹತ್ತಕ್ಕೆ ನೆರಳು ಸೇರಿಕೊಳ್ಳಿ.

ಬೆಳಿಗ್ಗೆಯೇ ಹೋಗಿ ಅನ್ನುವುದಕ್ಕೆ ಬಿಸಿಲೊಂದೇ ಕಾರಣ ಅಲ್ಲ. ಆ ನೀಲಿ ಹೆಂಚಿನ ಮಿನಾರ್ ಇರುವುದು ಮಹಮೂದ್ ಗವಾನ್ ಮದರಸಾ ಎಂಬ ಹಳೇ ವಿದ್ಯಾಲಯದಲ್ಲಿ. ಅದರ ಮುಖ ಪೂರ್ವಕ್ಕಿದೆ. ಅಳಿದುಳಿದ ಬಣ್ಣದ ಹೆಂಚುಗಳ ಮೇಲೆ ಎಳೆಬಿಸಿಲು ಬಿದ್ದಾಗ ನೋಡಬೇಕು. ಮಧ್ಯಾಹ್ನದ ಮೇಲೆ ಆ ಗೋಡೆ ನೆರಳಿಗೆ ಬೀಳುತ್ತದೆ, ಬಣ್ಣ ಮಂಕಾಗುತ್ತದೆ.

ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು. ಅವತ್ತು ಹೋಗುವುದಾದರೆ ಅದಕ್ಕೆ ಮುಂಚೆ ಮುಗಿಸಿ. ಏಪ್ರಿಲ್ 18 ವಿಶ್ವ ಪರಂಪರೆ ದಿನ, ನವೆಂಬರ್ 19ರಿಂದ 25 ಪರಂಪರೆ ಸಪ್ತಾಹ. ಸ್ಮಾರಕಗಳಲ್ಲಿ ಕಾರ್ಯಕ್ರಮ ನಡೆಯುವ ದಿನಗಳು ಇವು. ನಡಿಗೆ ಏನಾದರೂ ಇದೆಯಾ ಎಂದು ವಿಚಾರಿಸಿ ನೋಡಿ. ಕಲಬುರಗಿಯವರಿಗೆ 2017ರಲ್ಲಿ ರೈಲು ಶುರುವಾದ ಮೇಲೆ ಬರುವುದು ಸುಲಭವಾಗಿದೆ. ಆದರೂ ಹಿಂದಿನ ದಿನ ಸಂಜೆಯೇ ಬಂದು ಉಳಿದುಕೊಂಡರೆ ಬೆಳಗಿನ ಹೊತ್ತು ಪೂರ್ತಿ ನಿಮ್ಮದಾಗುತ್ತದೆ.

ಗೈಡ್ ಆಯ್ಕೆ

ಪ್ರವಾಸೋದ್ಯಮ ಇಲಾಖೆಯ ಕಚೇರಿಯಲ್ಲಿ, ಕೋಟೆಯೊಳಗಿನ ಪುರಾತತ್ವ ಇಲಾಖೆಯವರ ಹತ್ತಿರ, ಇಲ್ಲವೇ ನೀವು ಉಳಿದುಕೊಂಡ ಹೋಟೆಲಿನಲ್ಲಿ ಕೇಳಿ. ಹಿಂದಿನ ದಿನವೇ ಫೋನಿನಲ್ಲಿ ಐದು ನಿಮಿಷ ಮಾತಾಡಿ. ಎಷ್ಟು ಹೊತ್ತು, ಎಲ್ಲೆಲ್ಲಿ, ಎಷ್ಟು ದುಡ್ಡು, ಮೂರನ್ನೂ ಆಗಲೇ ಮಾತಾಡಿ ಮುಗಿಸಿ. "ನೀವು ಖುಷಿಯಿಂದ ಕೊಡ್ರಿ" ಎಂದು ಅವರು ಅಂದರೂ ಒಂದು ಮೊತ್ತ ಹೇಳಿಸಿಕೊಳ್ಳಿ. ಇಬ್ಬರಿಗೂ ಅದೇ ಒಳ್ಳೆಯದು.

ಒಂದು ಸಣ್ಣ ಪರೀಕ್ಷೆ ಮಾಡಿ. "ಇಲ್ಲಿ ಸುರಂಗ ಐತೇನ್ರಿ?" ಎಂದು ಕೇಳಿ. ಗೋಲ್ಕೊಂಡದ ಕಥೆ ಶುರು ಮಾಡಿದರೆ ಸ್ವಲ್ಪ ಯೋಚಿಸಿ. "ಐತ್ರಿ, ನೌಬಾದ್‌ನ್ಯಾಗ ನೀರಿಂದು ಐತಿ" ಎಂದರೆ ಅವರನ್ನು ಬಿಡಬೇಡಿ. ಬೀದರ್ ಪಕ್ಕದ ಈ ನೌಬಾದ್‌ನಲ್ಲಿ ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾದ ವಿದ್ಯೆ ಬಳಸಿ ನೆಲದೊಳಗೆ ಕಾಲುವೆ ಕೊರೆದು ನೀರು ತಂದಿದ್ದರು. ಅದಕ್ಕೆ ಕರೇಜ್ ಎನ್ನುತ್ತಾರೆ, ನಮ್ಮವರ ಬಾಯಲ್ಲಿ ಸುರಂಗ ಬಾವಿ. ಗಾಳಿ, ಬೆಳಕಿಗೆಂದು ಅಲ್ಲಲ್ಲಿ ಬಾವಿಯಂಥ ಬಾಯಿಗಳನ್ನೂ ಬಿಟ್ಟಿದ್ದಾರೆ. ಕುದುರೆ ಓಡುವ ಸುರಂಗಕ್ಕಿಂತ ಈ ನೀರಿನ ಸುರಂಗವೇ ನನಗೆ ದೊಡ್ಡ ಅದ್ಭುತ.

ಇನ್ನೊಂದು ಮಾತು. ಗೈಡ್‌ಗೆ ನಿಮ್ಮ ಜೊತೆ ಯಾರಿದ್ದಾರೆ ಎಂದು ಹೇಳಿಡಿ. ಮೊಣಕಾಲು ನೋವಿನ ಹಿರಿಯರು ಇದ್ದಾರಾ, ಸಣ್ಣ ಮಕ್ಕಳು ಇದ್ದಾರಾ? ಹಳೇ ಊರಿನಲ್ಲಿ ಎಲ್ಲಿ ಕಟ್ಟೆ ಇದೆ, ಎಲ್ಲಿ ಚಹಾ ಸಿಗುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಹತ್ತು ಜನಕ್ಕಿಂತ ಜಾಸ್ತಿ ಇದ್ದರೆ ಎರಡು ಗುಂಪು ಮಾಡಿ. ಸ್ಕೂಟರ್, ಆಟೋ, ತಳ್ಳುಗಾಡಿ ಎಲ್ಲ ಓಡಾಡುವ ರಸ್ತೆ ಇದು, ದೊಡ್ಡ ಗುಂಪು ನಿಂತರೆ ದಾರಿಯೇ ಕಟ್ಟುತ್ತದೆ.

ಚೌಬಾರಾದಿಂದ ಶುರು ಮಾಡಿ

ಹಳೇ ಊರಿನ ನಡುಮಧ್ಯೆ, ನಾಲ್ಕು ರಸ್ತೆ ಸೇರುವಲ್ಲಿ ಚೌಬಾರಾ ಇದೆ. 71 ಅಡಿ ಎತ್ತರದ ದುಂಡು ಗೋಪುರ. ಒಳಗೆ ಸುತ್ತು ಮೆಟ್ಟಿಲಿದೆ. ಮೇಲೆ ನಿಂತು ಸುತ್ತಲಿನ ಬಯಲಿನಲ್ಲಿ ಯಾರು ಬರುತ್ತಿದ್ದಾರೆ ಎಂದು ಕಾವಲು ಕಾಯುತ್ತಿದ್ದರು. ಈಗ ಅದರ ತುದಿಯಲ್ಲಿ ಗಡಿಯಾರ ಇದೆ, ಕೆಳಗೆ ಬಜಾರ್ ಇದೆ.

ಇಲ್ಲಿ ಕಾಲು ಗಂಟೆ ಸುಮ್ನೆ ನಿಲ್ಲಿ. ಊರಿನ ನಕ್ಷೆ ತಲೆಗೆ ಹತ್ತುವುದು ಇಲ್ಲೇ. ಪಶ್ಚಿಮಕ್ಕೆ ಶಾಹ್‌ಗಂಜ್ ದರ್ವಾಜಾ, ಪೂರ್ವಕ್ಕೆ ಮಂಗಲಪೇಟ್ ದರ್ವಾಜಾ, ದಕ್ಷಿಣಕ್ಕೆ ಫತೇ ದರ್ವಾಜಾ, ಉತ್ತರದ ಕಡೆ ಕೋಟೆ. ಇನ್ನೂ ಎರಡು ಬಾಗಿಲಿವೆ, ದುಲ್ಹನ್ ದರ್ವಾಜಾ ಮತ್ತು ತಾಲ್‌ಘಾಟ್ ದರ್ವಾಜಾ. ಗೈಡ್‌ಗೆ ಒಂದೊಂದು ದಿಕ್ಕಿಗೂ ಕೈ ತೋರಿಸಿ ಹೇಳಲು ಹೇಳಿ. ಆಮೇಲೆ ಯಾವ ಗಲ್ಲಿಯಲ್ಲಿ ದಾರಿ ತಪ್ಪಿದರೂ ತಲೆ ಎತ್ತಿ ಚೌಬಾರಾ ಹುಡುಕಿದರೆ ಆಯಿತು.

ರಾಜಧಾನಿಯ ಕಥೆಯನ್ನೂ ಇಲ್ಲೇ ಕೇಳಿ. 1422ರಲ್ಲಿ ಪಟ್ಟಕ್ಕೆ ಬಂದ ಅಹ್ಮದ್ ಶಾ, ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ಆಮೇಲೆ ಪರ್ಷಿಯಾ, ಅರೇಬಿಯಾ, ತುರ್ಕಿ ಕಡೆಯಿಂದ ಸಂತರು, ಕವಿಗಳು, ವ್ಯಾಪಾರಿಗಳು, ಕುಶಲಕರ್ಮಿಗಳು ಬಂದರು. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಕೂಡ 1470ರ ಆಸುಪಾಸಿನಲ್ಲಿ ಈ ಊರಲ್ಲಿ ಓಡಾಡಿದ್ದ, ಕಂಡದ್ದನ್ನು ಬರೆದಿಟ್ಟ. ಈಗಲೂ ಚೌಬಾರಾದಲ್ಲಿ ಒಂದು ಚಹಾ ಮುಗಿಯುವಷ್ಟರಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ನನಗೆ ಈ ಜಾಗ ಇಷ್ಟವಾಗುವುದೇ ಅದಕ್ಕೆ.

ತಿಂಡಿ ಇಲ್ಲೇ ಮಾಡಿಕೊಂಡು ಹೊರಡಿ. ಬಿಸಿ ಸುಸಲಾ (ಮಂಡಕ್ಕಿ ಒಗ್ಗರಣೆ), ಮಿರ್ಚಿ ಭಜಿ, ಮೇಲೊಂದು ಚಹಾ.

ತಖ್ತ್-ಎ-ಕಿರ್ಮಾನಿ

ಕೋಟೆ ಕಡೆಗೆ ನಡೆಯುವಾಗ ದಾರಿಯಲ್ಲೇ ಎತ್ತರದ ಕಮಾನಿನ ಒಂದು ಕಟ್ಟಡ ಸಿಗುತ್ತದೆ. ಗಾರೆಯಲ್ಲಿ ಬಿಡಿಸಿದ ಹೂಬಳ್ಳಿ, ದುಂಡು ಪದಕಗಳನ್ನು ನೋಡಿ. ಕಿರ್ಮಾನಿನಿಂದ ಬಂದ ಸಂತ ಶಾ ಖಲೀಲುಲ್ಲಾ ಅವರ ಹೆಸರಿನ ಪೀಠ ಒಳಗಿದೆ. ಮೊಹರಂ ಸಮಯದಲ್ಲಿ ಇಲ್ಲಿ ಜನ ತುಂಬುತ್ತಾರೆ. ಚಪ್ಪಲಿ ಬಿಡಿ, ತಲೆ ಮೇಲೆ ಕರ್ಚೀಫ್ ಅಥವಾ ಸೆರಗು ಇರಲಿ, ಮೆಲ್ಲಗೆ ಮಾತಾಡಿ. ಫೋಟೊ ತೆಗೆಯುವ ಮುಂಚೆ ಅಲ್ಲಿರುವವರನ್ನು ಒಂದು ಮಾತು ಕೇಳಿ.

ಮದರಸಾದಲ್ಲಿ ಒಂದು ಗಂಟೆ ಬೇಕೇ ಬೇಕು

ಇಲ್ಲಿ ಗೈಡ್‌ಗೆ ಅವಸರ ಮಾಡಬೇಡಿ. ಅವರು ಅವಸರ ಮಾಡಿದರೂ ನೀವು ಬಗ್ಗಬೇಡಿ.

ಮಹಮೂದ್ ಗವಾನ್ ಪರ್ಷಿಯಾದ ಗೀಲಾನ್ ಪ್ರಾಂತ್ಯದವನು. ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಈ ಮದರಸಾ ಕಟ್ಟಿಸಿದ. ಮೂರು ಅಂತಸ್ತು, ನಡುವೆ ಅಂಗಳ, ಪಾಠದ ದೊಡ್ಡ ಕೋಣೆಗಳು, ಸುತ್ತ ಓದುವವರಿಗೂ ಓದಿಸುವವರಿಗೂ ಇರಲು ಕೋಣೆ, ಒಂದು ಮಸೀದಿ, ಒಂದು ಗ್ರಂಥಾಲಯ. ಅಲ್ಲಿ 3000 ಹಸ್ತಪ್ರತಿಗಳಿದ್ದವು ಎಂದು ಇತಿಹಾಸಕಾರರು ಬರೆದಿದ್ದಾರೆ.

ಮೊದಲು ಹೊರಗೆ ನಿಂತು ಇಡೀ ಕಟ್ಟಡ ನೋಡಿ. ಒಂದು ಕಡೆ ಮಿನಾರ್ ಇದೆ, ಇನ್ನೊಂದು ಕಡೆ ಇಲ್ಲ. ಮೊಗಲರ ಕಾಲದಲ್ಲಿ, 17ನೇ ಶತಮಾನದ ಕೊನೆಗೆ, ಒಳಗಿಟ್ಟಿದ್ದ ಕೋವಿಮದ್ದು ಸಿಡಿದು ಮುಂಭಾಗದ ದೊಡ್ಡ ಪಾಲು ಹಾರಿಹೋಯಿತು. ಪುಸ್ತಕ ಇಡುವ ಜಾಗದಲ್ಲಿ ಮದ್ದು ಇಟ್ಟರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಉಳಿದ ಮಿನಾರ್ ಹತ್ತಿರ ಹೋಗಿ. ಎತ್ತರ ಸುಮಾರು 131 ಅಡಿ. ಅದರ ಮೈಮೇಲೆ ಹೆಂಚುಗಳನ್ನು ಅಂಕುಡೊಂಕು ಪಟ್ಟೆಯಾಗಿ ಕೂರಿಸಿದ್ದಾರೆ. ಗೋಡೆಯ ಮೇಲ್ಭಾಗದಲ್ಲಿ ನೀಲಿ, ಬಿಳಿ, ಹಳದಿ, ಹಸಿರು ಬಣ್ಣದಲ್ಲಿ ಅಕ್ಷರಗಳಿವೆ. ಅರೇಬಿಕ್ ಓದಲು ಬರದಿದ್ದರೂ ಪರವಾಗಿಲ್ಲ. ಎಲ್ಲಿ ಅಕ್ಷರ ಮುಗಿದು ಎಲ್ಲಿ ಬಳ್ಳಿ ಶುರುವಾಗುತ್ತದೆ ಎಂದು ಗೈಡ್‌ಗೆ ಬೆರಳಿಟ್ಟು ತೋರಿಸಲು ಹೇಳಿ. ಮಕ್ಕಳಿಗೆ ಇದು ಆಟವಾಗುತ್ತದೆ.

ಒಳಗೆ ಹೋದ ಮೇಲೆ ಒಂದು ಕೋಣೆಯಲ್ಲಿ ಕೂತು ಗಾಳಿ ಎಲ್ಲಿಂದ ಬರುತ್ತದೆ, ಬೆಳಕು ಎಲ್ಲಿ ಬೀಳುತ್ತದೆ ನೋಡಿ. ಓದುವವರ ಕಣ್ಣಿಗೆ ತೊಂದರೆ ಆಗದ ಹಾಗೆ ಕಟ್ಟಿದ್ದಾರೆ.

ಗವಾನ್‌ನ ಕೊನೆ ಕೇಳಿದರೆ ಸಂಕಟವಾಗುತ್ತದೆ. ಆಸ್ಥಾನದ ವೈರಿಗಳು ಅವನ ಮೊಹರಿದ್ದ ಹಾಳೆಯಲ್ಲಿ ಶತ್ರು ರಾಜನಿಗೆ ಬರೆದ ಹಾಗೆ ಪತ್ರ ಸೃಷ್ಟಿಸಿದರು. ಮೂರನೇ ಮಹಮ್ಮದ್ ಶಾ ಅದನ್ನು ನಂಬಿ 1481ರಲ್ಲಿ ಆ ಮುದುಕನ ತಲೆ ತೆಗೆಸಿದ. ಸುಲ್ತಾನನೂ ಮರುವರ್ಷ ತೀರಿಕೊಂಡ. ರಾಜ್ಯ ಮತ್ತೆ ಚೇತರಿಸಿಕೊಳ್ಳಲಿಲ್ಲ. ಈ ಕಥೆಯನ್ನು ಮದರಸಾದ ಅಂಗಳದಲ್ಲೇ ಕೂತು ಕೇಳಿ.

ಗೋಡೆ ಮೇಲೆ ಹೆಸರು ಕೆತ್ತುವುದು, ಸಡಿಲವಾದ ಹೆಂಚು ಮುಟ್ಟುವುದು ಬೇಡವೇ ಬೇಡ. ರಕ್ಷಿತ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಆಗಬಹುದು. ಟ್ರೈಪಾಡ್ ಬಳಸುವುದಾದರೆ ಮೊದಲೇ ಅನುಮತಿ ಬೇಕು.

ಸುತ್ತಲಿನ ಮನೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಕಾನೂನಿನ ಪ್ರಕಾರ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಮಗನಿಗೆ ಮದುವೆಯಾಯಿತೆಂದು ಮೇಲೆ ಒಂದು ಕೋಣೆ ಕಟ್ಟಿಸಲು ಇಲ್ಲಿಯವರು ಎಷ್ಟು ಕಷ್ಟಪಡಬೇಕು, ಯೋಚಿಸಿ. ನಮ್ಮ ಕಣ್ಣಿಗೆ ಮಿನಾರ್ ಚಂದ ಕಾಣಲಿ ಎಂದು ಅವರೂ ಒಂದು ಬೆಲೆ ಕೊಡುತ್ತಿದ್ದಾರೆ. ಅವರ ಬಾಗಿಲಲ್ಲಿ ಇಣುಕಿ ಫೋಟೊ ತೆಗೆಯಬೇಡಿ. ನಮಸ್ಕಾರ, ಸಲಾಂ ಹೇಳಿ ಮುಂದೆ ಹೋಗಿ. ಎಷ್ಟೋ ಸಲ ಅವರೇ ಕರೆದು ನೀರು ಕೊಟ್ಟಿದ್ದಾರೆ.

ಕೋಟೆ ಬಾಗಿಲು

ಇವತ್ತಿನ ನಡಿಗೆ ಕೋಟೆ ಬಾಗಿಲಿಗೆ ಸಾಕು. ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ ನೋಡಿ, ಶರ್ಜಾ ದರ್ವಾಜಾದ ಮೇಲಿನ ಹುಲಿಗಳನ್ನು ನೋಡಿ. ಕೋಟೆಯೊಳಗಿನ ರಂಗೀನ್ ಮಹಲ್, ಸೋಲಾ ಖಂಬಾ ಮಸೀದಿಗೆ ಇನ್ನೊಂದು ಅರ್ಧ ದಿನ ಇಟ್ಟುಕೊಳ್ಳಿ. ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿಗಳ ಗುಂಬಜ್‌ಗಳಿಗೂ ಆಗಲೇ ಹೋಗಬಹುದು.

ಕೊನೆಗೆ ಬಿದ್ರಿ ಕಾರ್ಖಾನೆ

ಬಿದ್ರಿ ಅಂದರೆ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಕಲೆ. ಈ ಕೆಲಸದವರ ಅಂಗಡಿಗಳು ಚೌಬಾರಾ ಸುತ್ತಮುತ್ತ ಇವೆ. ಬೆಳಿಗ್ಗೆ ಏಳಕ್ಕೆ ಮುಚ್ಚಿರುತ್ತವೆ. ಅದಕ್ಕೇ ಕೋಟೆ ಬಾಗಿಲಿನಿಂದ ವಾಪಸ್ ಬರುವಾಗ, ಹನ್ನೊಂದರ ಹೊತ್ತಿಗೆ ಹೋಗಿ. ಬರೀ ಅಂಗಡಿ ಬೇಡ, ಕೆಲಸ ನಡೆಯುವ ಜಾಗ ತೋರಿಸಿ ಎಂದು ಗೈಡ್‌ಗೆ ಮೊದಲೇ ಹೇಳಿಡಿ. ಗೈಡ್‌ಗೆ ಯಾವುದೋ ಒಂದು ಅಂಗಡಿಯ ಜೊತೆ ವ್ಯವಹಾರ ಇರಬಹುದು. ಎರಡು ಮೂರು ಕಡೆ ನೋಡಿ ಕೊಳ್ಳುವುದು ನಿಮ್ಮ ಹಕ್ಕು.

ಬಿದ್ರಿಯ ಲೋಹದಲ್ಲಿ ಸತು ಜಾಸ್ತಿ, ತಾಮ್ರ ಸ್ವಲ್ಪ. ಸಾಮಾನ್ಯವಾಗಿ 16 ಪಾಲಿಗೆ ಒಂದು ಪಾಲು. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ಸದ್ಯಕ್ಕೆ ಕಪ್ಪು ಮಾಡಿಕೊಂಡು, ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಸಣ್ಣ ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಕೂದಲೆಳೆಯಂಥ ತಂತಿ, ಅಳತೆ ಎಲ್ಲ ಕಣ್ಣಲ್ಲೇ. ಈ ಕಲೆಗೆ 2006ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಇದೇ ಊರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಕೊಳ್ಳುವಾಗ ವಸ್ತುವಿನ ಮೇಲೆ ಬೆರಳು ಆಡಿಸಿ. ಬೆಳ್ಳಿ ಎಲ್ಲೂ ಎದ್ದು ತಾಗಬಾರದು. ಚೌಕಾಸಿ ಮಾಡುವ ಮುಂಚೆ ಒಂದು ತುಂಡಿಗೆ ಎಷ್ಟು ದಿನ ಹಿಡಿಯಿತು ಎಂದು ಕೇಳಿ.

ಆದರೆ ಕಾದು ನೋಡಬೇಕಾದದ್ದು ಕೊನೆಯ ಹಂತ. ಕೋಟೆಯೊಳಗೆ ಬಿಸಿಲು ಮಳೆ ಕಾಣದೆ ಉಳಿದ ಹಳೇ ಮಣ್ಣನ್ನು ಇವರು ತಂದಿಟ್ಟುಕೊಂಡಿರುತ್ತಾರೆ. ಸರಿಯಾದ ಮಣ್ಣು ಹೌದೋ ಅಲ್ಲವೋ ಎಂದು ನಾಲಿಗೆ ಮೇಲಿಟ್ಟು ನೋಡುವವರೂ ಇದ್ದಾರೆ. ಆ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ವಸ್ತುವಿಗೆ ತಿಕ್ಕುತ್ತಾರೆ. ನನ್ನ ತಂಗಿಯ ಮಗಳನ್ನು ಕರೆದುಕೊಂಡು ಹೋದಾಗ ವಯಸ್ಸಾದ ಕೆಲಸಗಾರರೊಬ್ಬರು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಎಲ್ಲ ಮಂಕು ಬೂದು ಬಣ್ಣ, ಬೆಳ್ಳಿ ಯಾವುದು, ಬೇರೆ ಯಾವುದು ಗೊತ್ತೇ ಆಗುತ್ತಿರಲಿಲ್ಲ. "ಚಾಚಾ, ಇದರಾಗ ಹೂವು ಎಲ್ಲೈತಿ?" ಎಂದು ಅವಳು ಕೇಳಿದಳು. "ತಡಿ ಬೇಟಿ" ಎಂದು ಅವರು ಮಣ್ಣು ತಿಕ್ಕಿ, ತೊಳೆದು, ಬಟ್ಟೆಯಿಂದ ಒರೆಸಿದರು. ಸುತ್ತ ಎಲ್ಲ ಕಡುಕಪ್ಪಾಗಿತ್ತು, ನಡುವೆ ಬೆಳ್ಳಿ ಹೂವು ಬೆಳ್ಳಗೆ ಹೊಳೆಯುತ್ತಿತ್ತು. ಅವಳು ಕೈ ಚಾಚಿದಳು. ಇನ್ನೂ ಬಿಸಿ ಇದೆ ಎಂದು ಅವರು ತಮ್ಮ ಅಂಗೈಯಲ್ಲೇ ಇಟ್ಟುಕೊಂಡು ತೋರಿಸಿದರು.