3018 ಸಿಎನ್‌ಸಿಯಲ್ಲಿ ಕೆತ್ತನೆಯ ಆಳ ಒಂದೇ ಸಮ ಬರದಿದ್ದರೆ

ನನ್ನ 3018ರಲ್ಲಿ (ಕಂಪ್ಯೂಟರ್ ನಡೆಸುವ ಪುಟ್ಟ ಕೆತ್ತನೆ ಯಂತ್ರ) ಹೆಸರಿನ ಫಲಕ ಕೆತ್ತುವಾಗ ಎಡಗಡೆ ಅಕ್ಷರಗಳು ಆಳವಾಗಿ ಬರುತ್ತಿದ್ದವು. ಬಲಗಡೆ ಬರೀ ಗೀರು. ಬಿಟ್ (ಕೆತ್ತುವ ಅಲಗು) ಬದಲಿಸಿದೆ, ವೇಗ ಇಳಿಸಿದೆ, ಹತ್ತಾರು ಸಲ ಝಡ್ ಸೊನ್ನೆ (ಬಿಟ್ ತುದಿ ಮೇಲ್ಮೈ ಮುಟ್ಟುವ ಎತ್ತರ) ಹಿಡಿದೆ. ಪ್ರಯೋಜನವಾಗಲಿಲ್ಲ. ತುದಿ ಚೂಪಾದ ವಿ-ಬಿಟ್ಟಿಗೆ ಕಾಲು ಮಿಲಿಮೀಟರ್ ವ್ಯತ್ಯಾಸವೂ ಜಾಸ್ತಿಯೇ, ಅಲ್ವಾ?

ತಪ್ಪಿದ್ದದ್ದು ಬೆಡ್ಡಿನ (ಮರ ಕೂರಿಸುವ ಮೇಜಿನ) ಮಟ್ಟದಲ್ಲಿ. ಬೆಡ್ ಮೇಲೆ 12 ಮಿ.ಮೀ. ಎಂಡಿಎಫ್ (ಒತ್ತಿದ ಮರದ ನಾರಿನ) ಹಲಗೆ ಕೂರಿಸಿ, ಸ್ಕ್ರೂ ತಲೆಗಳನ್ನು ಚೆನ್ನಾಗಿ ಒಳಗೆ ಇಳಿಸಿದೆ. 3.175 ಮಿ.ಮೀ. ಚಪ್ಪಟೆ ಬಿಟ್ ಹಾಕಿ, ಹಲಗೆಯ ಅತಿ ಎತ್ತರದ ಜಾಗದಲ್ಲಿ ಝಡ್ ಸೊನ್ನೆ ಮಾಡಿದೆ. ಆಳ 0.3 ಮಿ.ಮೀ., ಸ್ಟೆಪ್‌ಓವರ್ (ಒಂದು ಸಾಲಿನಿಂದ ಮುಂದಿನ ಸಾಲಿಗೆ ಸರಿಯುವ ದೂರ) 1.2 ಮಿ.ಮೀ., ಫೀಡ್ (ಬಿಟ್ ಚಲಿಸುವ ವೇಗ) ನಿಮಿಷಕ್ಕೆ 600 ಮಿ.ಮೀ. ಮೊದಲೇ ಪೆನ್ಸಿಲ್‌ನಲ್ಲಿ ಹಲಗೆ ತುಂಬ ಗೆರೆ ಎಳೆದಿದ್ದೆ. ಎಲ್ಲಾ ಗೆರೆ ಅಳಿಸುವವರೆಗೆ ಹೆರೆಯಬೇಕು. ನನಗೆ ಮೂರು ಸುತ್ತು ಬೇಕಾಯಿತು. ಈ ಹಲಗೆಯನ್ನು ಮತ್ತೆ ಬಿಚ್ಚಬೇಡಿ.

ಆಮೇಲೆ ಮರವನ್ನು ಅದರ ಮೇಲೆ ಬಿಗಿದು, ಕಾಗದ ಇಟ್ಟು ಬಿಟ್ ಇಳಿಸಿ. ಕಾಗದ ಸ್ವಲ್ಪ ಹಿಡಿದಾಗ ಯಂತ್ರಕ್ಕೆ ‘ಜಿ10 ಎಲ್20 ಪಿ1 ಝಡ್0.1’ ಆದೇಶ ಕೊಡಿ; 0.1 ಅಂದರೆ ಕಾಗದದ ದಪ್ಪ.